ಮಹಾಂತಮ್ಮನವರ ಒಂದೇ ಪ್ರತಿ

ಮೂರನೆಯ ಕಣ್ಣಿನಲ್ಲಿ ಬೆಳಕನ್ನೂ ಕಂಠದಲ್ಲಿ ಕತ್ತಲೆಯನ್ನೂ ಧರಿಸಿದ ಶಿವನೇ, ನಿನಗೆ ಶರಣು. ನೀನು ಕಣ್ಣು ತೆರೆದರೆ ಮನ್ಮಥನು ಭಸ್ಮವಾಗುತ್ತಾನೆ; ಮುಚ್ಚಿದರೆ ಲೋಕವೇ ಕಾಣದಾಗುತ್ತದೆ. ಈ ಎರಡರ ನಡುವಿನ ಅರೆಕ್ಷಣದಲ್ಲಿ ಹೊಟ್ಟೆ ಹೊರೆಯುವ ಚಿತ್ರಗ್ರಾಹಕರನ್ನೂ, ಅವರನ್ನು ಹೊತ್ತು ಓಡುವ ನನ್ನಂಥವರನ್ನೂ ಕಾಪಾಡು.

ಆ ದಿನ ಕಾಪಾಡುವ ಅಗತ್ಯ ಬಹಳವಿತ್ತು!

ಬೆಳಿಗ್ಗೆ ಒಂಬತ್ತೂವರೆ. ಹೊಳೆಹೊನ್ನೂರು ದಾಟಿ ಕಾಲುವೆಯ ಏರಿಯ ಮೇಲೆ ನನ್ನ ಲಗೇಜ್ ಗಾಡಿ ಓಡುತ್ತಿತ್ತು. ವೇಗ ಐವತ್ತೈದು. ಆ ಗಾಡಿಗೆ ಅದೇ ಪರಮಪದ.

ಹಿಂದಿನಿಂದ ಬಂದು ಬಲಪಕ್ಕಕ್ಕೆ ನುಗ್ಗಿದ ಒಂದು ಬಿಳಿ ಕಾರು. ಕಾರಿನ ಕಿಟಕಿಯಿಂದ ಚಾಚಿದ ಒಂದು ಕೈ. ಕೈಯಲ್ಲಿ ಕಬ್ಬಿಣದ ರಾಡು.

ಠಣ್!

ನನ್ನ ಬಲಗಡೆಯ ಕನ್ನಡಿ ಹಾರಿಹೋಯಿತು.

ಪಕ್ಕದಲ್ಲಿ ಕುಳಿತಿದ್ದ ಯೋಸ್ಟ್ ಸಾಹೇಬರು ಅತ್ತ ತಿರುಗಿ ನೋಡಿದರು. ಅರವತ್ತಾರು ವರ್ಷದ ಡಚ್ ಮನುಷ್ಯ. ಬಿಳಿ ಗಡ್ಡ, ಕೆಟ್ಟ ಮಂಡಿ, ಮಗುವಿನ ಕಣ್ಣು. "ಅವರಿಗೆ ತುಂಬ ಕೋಪ ಬಂದಿದೆಯಾ?" ಎಂದು ಇಂಗ್ಲಿಷಿನಲ್ಲಿ, ಆಸೆಯಿಂದ, ಕೇಳಿದರು.

"ಬಂದಿದೆ ಸರ್."

"ಚೆನ್ನಾಗಿದೆ!" ಎಂದರು. ಮೂರು ತಿಂಗಳಲ್ಲಿ ಅವರು ಕಲಿತ ಕನ್ನಡ ಅದೊಂದೇ.

ನನ್ನ ಹೆಸರು ಶರಾವತಿ. ಹದಿನೆಂಟು ವರ್ಷ ಪೊಲೀಸ್ ಕಾನ್‌ಸ್ಟೇಬಲ್ ಆಗಿದ್ದವಳು. ಈಗ ಶಿವಮೊಗ್ಗ ಜಿಲ್ಲೆಗೆ ಕ್ಯಾಮೆರಾ ಹಿಡಿದು ಬರುವ ಪರಸ್ಥಳದವರಿಗೆ ಅನುಮತಿ, ಗಾಡಿ, ಊಟ, ಜಗಳ, ಈ ನಾಲ್ಕನ್ನೂ ಒದಗಿಸುವುದು ನನ್ನ ವೃತ್ತಿ. ನಾಲ್ಕನೆಯದು ಸಾಮಾನ್ಯವಾಗಿ ತಾನೇ ಒದಗಿ ಬರುತ್ತದೆ.

ಯೋಸ್ಟ್ ಫಾನ್ ಡ್ರೀಲ್ ಅವರ ವಿಷಯದಲ್ಲಂತೂ ಅದು ಹುಟ್ಟಿನಿಂದಲೇ ಬಂದದ್ದು. ತಂದೆ ಕಟ್ಟುನಿಟ್ಟಿನ ಪಾದ್ರಿ. ಮಗ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೆಗೆದ ಮೊದಲ ದೊಡ್ಡ ಚಿತ್ರ ಯಾವುದು ಗೊತ್ತೇ? ಅದೇ ತಂದೆ ಸ್ನಾನದ ತೊಟ್ಟಿಯಲ್ಲಿ ಕುಳಿತು ಗಹಗಹಿಸಿ ನಗುತ್ತಿರುವುದು! ಊರೇ ಅವರಿಗೆ ಬಾಗಿಲು ಮುಚ್ಚಿತು. ತಂದೆ ಮಾತ್ರ ಗುಟ್ಟಾಗಿ, ತಮ್ಮ ಕೋಣೆಯಲ್ಲಿಡಲು ಆ ಚಿತ್ರವನ್ನು ಕೇಳಿ ಪಡೆದರಂತೆ. ಅನಂತರ ಎಂಬತ್ತರ ಅಜ್ಜ ಅಜ್ಜಿಯರನ್ನು ಮೈಮೇಲೆ ಒಂದೆಳೆ ನೂಲೂ ಇಲ್ಲದೆ ಸಿಂಹಾಸನದಲ್ಲಿ ಕೂರಿಸಿ, ಚಕ್ರವರ್ತಿಗಳಿಗೆ ಬೀಳುವಂಥ ಬೆಳಕು ಬೀಳಿಸಿ ಚಿತ್ರ ತೆಗೆದರು. ಯಾರೋ ಪ್ರದರ್ಶನದ ಗಾಜಿಗೆ ಕಲ್ಲು ಹೊಡೆದರು. ಯೋಸ್ಟ್ ಆ ಕಲ್ಲಿಗೂ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ಅಂಥವರು ಭದ್ರಾವತಿಗೆ ಬಂದದ್ದು ಎರಕದ ಕೆಲಸ ಮಾಡಿ ಮುದುಕರಾದವರ ಚಿತ್ರಕ್ಕಾಗಿ. ಅಂಗಿಯೊಳಗೆ ಮೂವತ್ತು ವರ್ಷ ಬಚ್ಚಿಟ್ಟ ಸುಟ್ಟ ಕಲೆಗಳನ್ನು ಯೋಸ್ಟ್ ಆಭರಣದಂತೆ ಬೆಳಗಿಸಿದರು. ಒಂದು ಚಿತ್ರಕ್ಕೆ ಒಂದೇ ಪ್ರತಿ. ಅದು ಒಣಗಿದೊಡನೆ ನೆಗೆಟಿವ್ ಅನ್ನು ಕತ್ತರಿಸಿ ಬೆಂಕಿಗೆ ಹಾಕುವುದು ಅವರ ವ್ರತ.

ಹತ್ತೊಂಬತ್ತು ಚಿತ್ರಗಳು ಹಿಂದಿನ ದಿನವೇ ಶಿವಮೊಗ್ಗ ಸೇರಿದ್ದವು. ಸವಳಂಗ ರಸ್ತೆಯ ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ, ಹನ್ನೊಂದು ಗಂಟೆಗೆ, ಪ್ರದರ್ಶನ.

ಇಪ್ಪತ್ತನೆಯದು ಆ ಬೆಳಿಗ್ಗೆ ತಾನೇ ಒಣಗಿತ್ತು. ಈಗ ನನ್ನ ಗಾಡಿಯ ಹಿಂಬದಿಯಲ್ಲಿತ್ತು. ಆಳೆತ್ತರದ ಚೌಕಟ್ಟು, ಜಮಖಾನದಲ್ಲಿ ಸುತ್ತಿ, ಹಗ್ಗ ಬಿಗಿದು.

ಮಹಾಂತಮ್ಮನವರ ಚಿತ್ರ.

ಎಪ್ಪತ್ತಾರು ವರ್ಷದ ಮಹಾಂತಮ್ಮನವರು ಭದ್ರಾವತಿಯ ಹಳೆಯ ಎರಕದ ಕಾರ್ಖಾನೆಯೊಂದರ ಒಡೆಯರ ಪತ್ನಿ. ಯಜಮಾನರು ತೀರಿ ಆರು ವರ್ಷ. ತಿಂಗಳ ಹಿಂದೆ ಅವರೇ ನನ್ನನ್ನು ಕರೆಸಿದ್ದರು.

"ನಮ್ಮ ಹಜಾರದಲ್ಲಿ ನಲವತ್ತು ಫೋಟೊ ಇದೆ ಮಾರಾಯ್ತಿ. ಎಲ್ಲದ್ರಲ್ಲೂ ನಾನು ಯಾರ್ದೋ ಕುರ್ಚಿ ಹಿಂದೆ ನಿಂತಿದೀನಿ. ಕಣ್ಣು ಮುಚ್ಚೋದ್ರೊಳಗೆ ಒಂದ್ರಲ್ಲಾದ್ರೂ ನಾನು ನಾನಾಗಿರ್ಬೇಕು. ನನ್ನ ಮಗ ಅದನ್ನ ನೋಡ್ಬೇಕು."

"ಮಗನಿಗೆ ಮೊದ್ಲೇ ಹೇಳಿಬಿಡಿ ಅಮ್ಮ."

"ಹೇಳಿದ್ರೆ ಕೇಳ್ತಾನೆ. ಕೇಳ್ದೋನು ನೋಡಲ್ಲ. ಆ ಫೋಟೊದಲ್ಲಿ ಏನಿದೆ ಅಂತ ಯಾರಿಗೂ ಬಾಯಿ ಬಿಡಲ್ಲ ಅಂತ ಆಣೆ ಮಾಡು."

ವಿಭೂತಿ ಗಟ್ಟಿಯನ್ನು ಮುಟ್ಟಿ ಆಣೆ ಮಾಡಿದೆ. ಲಾಠಿಗೆ ಹೆದರದವಳು ನಾನು, ವಿಭೂತಿಗೆ ಹೆದರುತ್ತೇನೆ.

ಆ ಮಗನೇ ವಿಜಯೇಂದ್ರ. ಸವಳಂಗ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಐವತ್ತೆರಡರ ಸಜ್ಜನ, ಮುಂಗೋಪಿ. ಹಿಂದಿನ ಸಂಜೆ, ಪ್ರದರ್ಶನದ ಕರೆಯೋಲೆಯಲ್ಲಿ ಅಜ್ಜಿಯ ಹೆಸರು ಕಂಡು, ಅವನ ಮಗಳು ತನುಶ್ರೀ ಮೊಬೈಲಿನಲ್ಲಿ ಯೋಸ್ಟ್ ಅವರ ಹೆಸರು ಹುಡುಕಿ, ಸಿಂಹಾಸನದ ಮೇಲಿನ ಬೆತ್ತಲೆ ಅಜ್ಜಿಯರನ್ನು ಒಬ್ಬೊಬ್ಬರನ್ನಾಗಿ ತೋರಿಸಿದಳು. ಮೂರನೆಯ ಅಜ್ಜಿಗೆ ವಿಜಯೇಂದ್ರನ ರಕ್ತದೊತ್ತಡ ಏರಿತು.

ತಾಯಿಯದೂ ಅಂಥದ್ದೇ ಚಿತ್ರ ಎಂದು ಊಹಿಸಿಬಿಟ್ಟ!

ಬೆಳಗಾಗುವಷ್ಟರಲ್ಲಿ ಭದ್ರಾವತಿಯಿಂದ ಬರುವ ಹೆದ್ದಾರಿಗೆ ಅವನ ಜನ ಅಡ್ಡ ನಿಂತಿದ್ದರು. ಆದ್ದರಿಂದ ನಾನು ಹೊಳೆಹೊನ್ನೂರಿನ ಬಳಸು ದಾರಿ ಹಿಡಿದೆ. ಆದ್ದರಿಂದಲೇ ಈ ಬಿಳಿ ಕಾರು.

ಏರಿ ಕಿರಿದಾಯಿತು. ಎದುರಿಗೆ ಭತ್ತದ ಮೂಟೆ ಹೇರಿದ ಟ್ರ್ಯಾಕ್ಟರ್. ಎಡಕ್ಕೆ ಕಾಲುವೆ, ಬಲಕ್ಕೆ ಕೆಸರುಗದ್ದೆ.

ಬ್ರೇಕ್!

ಬಿಳಿ ಕಾರು ಹಿಂದೆಯೇ ನಿಂತಿತು. ವಿಜಯೇಂದ್ರನ ಅಂಗಡಿಯ ಮ್ಯಾನೇಜರ್ ಯುವರಾಜ್ ಇಳಿದ. ಬಾಗಿಲಿನಷ್ಟು ಅಗಲದ ಆಳು. ಜೊತೆಗೆ ಗೋದಾಮಿನ ಕರಿಯಣ್ಣ. ರಾಡು ಅವನ ಕೈಯಲ್ಲಿತ್ತು.

"ಫೋಟೊ ಕೊಡಿ ಅಕ್ಕ."

"ಕನ್ನಡಿ ಯಾರು ಒಡೆದದ್ದು?"

"ಸಾರಿ ಅಕ್ಕ. ಕರಿಯಣ್ಣ. ಬಾಗಿಲಿಗೆ ಹೊಡೆಯೋ ಅಂದಿದ್ದೆ."

ನಾನು ಸೀಟಿನ ಕೆಳಗಿನ ಜ್ಯಾಕ್ ಹಿಡಿಯನ್ನು ತೆಗೆದುಕೊಂಡು ಇಳಿದೆ. "ಬಾ. ಮುಟ್ಟು ನೋಡೋಣ..."

ಕರಿಯಣ್ಣ ರಾಡು ಎತ್ತಿದ. ನಾನು ಅವನ ಮೊಣಕೈಗೆ ಒಂದೇ ಏಟು ಕೊಟ್ಟೆ. ರಾಡು ಕಾಲುವೆಗೆ ಬಿತ್ತು. ಅಷ್ಟರಲ್ಲಿ ಯುವರಾಜ್ ನನ್ನನ್ನು ಹಿಂದಿನಿಂದ ಮೂಟೆಯಂತೆ ಎತ್ತಿ, ಗೌರವದಿಂದ, ಟ್ರ್ಯಾಕ್ಟರಿನ ಮೂಟೆಗಳ ಮೇಲೆ ಕೂರಿಸಿದ. ನನ್ನ ತೂಕ ಎಂಬತ್ತೊಂದು ಕೆಜಿ. ಅವನ ಬಗ್ಗೆ ನನಗೆ ಮೆಚ್ಚುಗೆ ಮೂಡಿತು.

ಇಬ್ಬರೂ ಚೌಕಟ್ಟನ್ನು ಕೆಳಗಿಳಿಸಿದರು.

"ಇದೇನಾ? ಬೇರೆ ಯಾವ್ದಾದ್ರೂ ಇದ್ರೆ?" ಎಂದ ಕರಿಯಣ್ಣ, ಮೊಣಕೈ ಉಜ್ಜಿಕೊಳ್ಳುತ್ತ.

"ಬಿಚ್ಚಿ ನೋಡು."

"ನಾನಾ?! ನೀನು ನೋಡು."

"ನಾನ್ಯಾಕೆ? ಅಮ್ಮಾವ್ರ ಕೈಲಿ ಊಟ ಮಾಡಿದೀನಿ ಕಣೋ. ಅವ್ರನ್ನ ಆ ಥರ ನೋಡಿ ನಾನು ಬದುಕ್ಬೇಕಾ?"

ಅಲ್ಲಿಗೆ ನನಗೆ ಬೆಳಕು ಹರಿಯಿತು. ಹಗ್ಗದ ಗಂಟು ಸಡಿಲವಾಗಿಯೇ ಇತ್ತು. ಆದರೆ ಇಡೀ ಜಿಲ್ಲೆಯಲ್ಲಿ ಅದನ್ನು ಬಿಚ್ಚಬಲ್ಲ ಗಂಡಸು ಒಬ್ಬನೂ ಇರಲಿಲ್ಲ!

ಯುವರಾಜ್ ಫೋನ್ ಹಚ್ಚಿದ. ಆ ಕಡೆಯಿಂದ ವಿಜಯೇಂದ್ರನ ಕೂಗು ಟ್ರ್ಯಾಕ್ಟರಿನ ಮೇಲಿದ್ದ ನನಗೂ ಕೇಳಿಸಿತು.

"ಬಿಚ್ಚಬೇಡ್ರೋ! ಬಿಚ್ಚಿದ್ರೆ ಕಣ್ಣು ಕೀಳ್ತೀನಿ!"

"ಮತ್ತೇನ್ ಮಾಡ್ಲಿ ಸಾರ್?"

"ಸುಟ್ಟು ಹಾಕು!"

ಯುವರಾಜ್ ಬೆವರಿದ. "ಸಾರ್... ಬದುಕಿರೋ ಅಮ್ಮಾವ್ರಿಗೆ ಬೆಂಕಿ ಇಡೋದಾ? ಅದೂ ನಿಮ್ಮಲ್ಲಿ ಸುಡೋ ಪದ್ಧತಿನೇ ಇಲ್ವಲ್ಲ ಸಾರ್."

"ಹಾಗಾದ್ರೆ ಹೂಳು!"

"ಬದುಕಿರೋರನ್ನಾ?!"

ಶಾಸ್ತ್ರವು ವಿಜಯೇಂದ್ರನನ್ನು ನಾಲ್ಕೂ ಕಡೆಯಿಂದ ಕಟ್ಟಿಹಾಕಿತ್ತು.

ನಾನು ಮೂಟೆಯ ಮೇಲಿನಿಂದಲೇ ಕೂಗಿದೆ. "ಕಾಲುವೆಗೆ ಬಿಡಿ ಅಂತಲೂ ಹೇಳಿಬಿಡಿ ವಿಜಯೇಂದ್ರಪ್ಪ! ಗಂಗಾಪೂಜೆಗೆ ಬಂದ ಹೆಂಗಸರು ಮುಂದಿನ ಊರಲ್ಲಿ ಎತ್ತಿ ನೋಡ್ತಾರೆ!"

"ಬೇಡ! ಬೇಡ! ಹಾಲ್ ಹತ್ರ ತನ್ನಿ. ನಾನು ಇಲ್ಲೇ ಬಾಗಿಲಲ್ಲಿ ನಿಂತಿದೀನಿ. ನನ್ನ ಕಾರಿಗೆ ಹಾಕಿ ಬೀಗ ಹಾಕ್ತೀನಿ."

ಆ ಚಿತ್ರ ತಲುಪಬೇಕಾದ ಜಾಗವೂ ಅದೇ ಹಾಲ್! ನಾನು ಮುಖದಲ್ಲಿ ವಿಷಾದ ತಂದುಕೊಂಡೆ. ಬಹಳ ಕಷ್ಟವಾಯಿತು.

ಚೌಕಟ್ಟು ಅವರ ಕಾರಿನಲ್ಲಿ ಹಿಡಿಸಲಿಲ್ಲ. ಪುನಃ ನನ್ನ ಗಾಡಿಗೇ ಏರಿತು. ಯುವರಾಜ್ ಹಿಂಬದಿಯಲ್ಲಿ ನಿಂತು, ಗುಂಡಿ ಬಂದಾಗಲೆಲ್ಲ ಅದನ್ನು ತಬ್ಬಿ ಹಿಡಿದ. ಕರಿಯಣ್ಣ ಮುಂದೆ ಬಿಳಿ ಕಾರಿನಲ್ಲಿ ಹಾರ್ನ್ ಒತ್ತುತ್ತ ದಾರಿ ಬಿಡಿಸಿದ. ಬೆಂಗಾವಲಿನೊಡನೆ ಶಿವಮೊಗ್ಗ ಪ್ರವೇಶಿಸಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಹನ್ನೊಂದಕ್ಕೆ ಐದು ನಿಮಿಷ. ಸವಳಂಗ ರಸ್ತೆ.

ಮಂಟಪದ ಬಾಗಿಲಲ್ಲಿ ವಿಜಯೇಂದ್ರ. ಹಿಂದೆ ಪ್ರದರ್ಶನಕ್ಕೆ ಬಂದ ಇನ್ನೂರು ಜನ. ಕಾರಿನ ಡಿಕ್ಕಿ ತೆರೆದಿತ್ತು. ಆದರೆ ಅವನ ತಾಯಿಯ ಚಿತ್ರ ಅವನ ಡಿಕ್ಕಿಗಿಂತ ದೊಡ್ಡದಾಗಿತ್ತು.

"ಮಡಚು!" ಎಂದ.

"ಮರದ ಚೌಕಟ್ಟು ಸಾರ್..."

"ಮುರಿ!"

ಯುವರಾಜ್ ಕೈಯೆತ್ತಲಿಲ್ಲ. ವಿಜಯೇಂದ್ರ ತಾನೇ ಕಾಲೆತ್ತಿದ. ನಾನು ಚೌಕಟ್ಟಿಗೂ ಅವನಿಗೂ ನಡುವೆ ನಿಂತೆ. ಜ್ಯಾಕ್ ಹಿಡಿ ಕೈಯಲ್ಲೇ ಇತ್ತು.

"ಅಕ್ಕ, ಸರೀರಿ ಪಕ್ಕಕ್ಕೆ. ಇದು ನಮ್ಮ ಮನೆ ಮರ್ಯಾದೆ."

"ಇದಕ್ಕೆ ಇನ್ನೊಂದು ಪ್ರತಿ ಇಲ್ಲ ವಿಜಯೇಂದ್ರಪ್ಪ. ಮುರಿದ್ರೆ ಮುಗೀತು. ಮೊದ್ಲು ನನ್ನ ಮುರೀರಿ."

"ವಿಜಿ."

ಧ್ವನಿ ಒಳಗಿನಿಂದ ಬಂತು. ದೊಡ್ಡದೇನಲ್ಲ. ಆದರೂ ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು.

ಮಹಾಂತಮ್ಮನವರು ಬಾಗಿಲಿಗೆ ಬಂದರು. ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ, ಮಣಿಕಟ್ಟಿನ ತನಕ ತೋಳಿನ ರವಿಕೆ. "ಕಾಲು ಕೆಳಗಿಡು. ಗಂಟು ಬಿಚ್ಚು."

"ಅವ್ವಾ, ಜನ ಇದಾರೆ..."

"ಅದಕ್ಕೇ ಕರೆದಿರೋದು. ಬಿಚ್ಚು."

ವಿಜಯೇಂದ್ರ ಬಿಚ್ಚಿದ. ಎರಡೂ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡು! ತಡವುತ್ತ ಗಂಟು ಹುಡುಕಿ, ಹಗ್ಗ ಎಳೆದು, ಜಮಖಾನ ಜಾರಿಸಿದ. ಇನ್ನೂರು ಜನ ಉಸಿರು ಹಿಡಿದರು.

ಆ ಮೌನ ಅವನನ್ನು ಕೊಂದಿತು. ನನ್ನ ಕಡೆ ಬಾಗಿ ಪಿಸುಗುಟ್ಟಿದ.

"ಅಕ್ಕ... ಬಟ್ಟೆ ಇದೆಯಾ?"

ಆಣೆ ಇತ್ತಲ್ಲ. "ನೋಡಿ," ಎಂದೆ.

ನೋಡಿದ.

ಕಾರ್ಖಾನೆಯ ಯಜಮಾನರ ಕುರ್ಚಿ. ಅದರ ಮೇಲೆ, ಕಾಲ ಮೇಲೆ ಕಾಲು ಹಾಕಿ, ಮಹಾಂತಮ್ಮ. ಸೀರೆಯ ಮೇಲೆ ಕೆಲಸದವರ ತೊಗಲಿನ ಏಪ್ರನ್. ಬಲಗೈಯಲ್ಲಿ, ಗದೆಯಂತೆ ನಿಲ್ಲಿಸಿದ, ಕಬ್ಬಿಣದ ನೀರು ಎರೆಯುವ ಉದ್ದ ಹಿಡಿಯ ಸೌಟು. ಬಲತೋಳಿನ ರವಿಕೆಯನ್ನು ಭುಜದವರೆಗೆ ಮಡಚಿದ್ದರು. ಬೆರಳಿನಿಂದ ಭುಜದವರೆಗೆ ಸುಟ್ಟ ಕಲೆಗಳು. ಒಂದರ ಮೇಲೊಂದು, ಹಳೆಯವು, ಹೊಳೆಯುವವು, ತಾಮ್ರಶಾಸನದ ಅಕ್ಷರಗಳಂತೆ. ಕಣ್ಣುಗಳು ನೇರವಾಗಿ ನೋಡುವವನ ಕಡೆಗೇ.

ಬೆತ್ತಲೆಯಾಗಿದ್ದದ್ದು ಒಂದು ತೋಳು ಮಾತ್ರ.

"ಇದು..." ವಿಜಯೇಂದ್ರ ಚಿತ್ರದ ತೋಳಿನತ್ತ ಬೆರಳು ತೋರಿಸಿದ. "ಕೈ ಮೇಲೆ ಒಗ್ಗರಣೆ ಎಣ್ಣೆ ಬಿತ್ತು ಅಂದಿದ್ದೆ?"

"ಯಾವ ಒಗ್ಗರಣೆಗೋ ಭುಜದ ತನಕ ಸುಡತ್ತೆ?"

"ಕಾರ್ಖಾನೆ ನಡೆಸಿದ್ದು ಅಪ್ಪಾಜಿ ಅಲ್ವಾ?"

"ನಿಮ್ಮಪ್ಪ ದೇವರಂಥ ಮನುಷ್ಯ ಕಣಪ್ಪ. ದೇವರು ಹೇಗೆ ಕೂತಿರ್ತಾನೋ ಹಾಗೇ ಕೂತಿದ್ರು. ಕೆಲಸ ಇಪ್ಪತ್ತೆಂಟು ವರ್ಷ ನಾನು ಮಾಡಿದೆ. ಹೆಂಗಸು ಕಬ್ಬಿಣ ಎರೀತಾಳೆ ಅಂದ್ರೆ ಆರ್ಡರ್ ಕೊಡಲ್ಲ ಅಂತ ಹೊರಗೆ ಬಂದಾಗ ತೋಳು ಮುಚ್ಕೊಂಡೆ. ಆಮೇಲೆ ಮುಚ್ಚಿದ್ದೇ ಅಭ್ಯಾಸ ಆಗೋಯ್ತು."

ಗುಂಪಿನಿಂದ ಯಾರೋ ಹಿರಿಯರು ಮುಂದೆ ಬಂದು, ಚಪ್ಪಲಿ ಬಿಟ್ಟು, ಚಿತ್ರಕ್ಕೆ ಕೈಮುಗಿದರು. ಹಿಂದೆ ಇನ್ನೊಬ್ಬರು. ನೋಡನೋಡುತ್ತ ಸಾಲು ಕಟ್ಟಿತು. ಯುವರಾಜ್ ನೆಲಕ್ಕೆ ಹಣೆ ಮುಟ್ಟಿಸಿದ.

ಯೋಸ್ಟ್ ಸಾಹೇಬರ ಮುಖ ಬಾಡಿತು. "ಶರಾವತಿ, ಒಬ್ಬರಿಗೂ ಕೋಪ ಬರಲಿಲ್ಲವಲ್ಲ. ನಲವತ್ತೆರಡು ವರ್ಷದಲ್ಲಿ ಮೊದಲ ಸಲ. ನಾನು ಸೋತೆನೇ?"

"ಪೂರ್ತಿಯಾಗಿ ಸೋತಿರಿ ಸರ್. ಕಾಫಿ ಕುಡೀರಿ."

ವಿಜಯೇಂದ್ರ ಮಾತ್ರ ಕದಲಲಿಲ್ಲ. ಬಹಳ ಹೊತ್ತು ನಿಂತು ನೋಡಿದ. ಕೊನೆಗೆ ತಾಯಿಯ ಬಳಿ ಹೋಗಿ, ಅವರ ಬಲತೋಳಿನ ರವಿಕೆಯನ್ನು ತಾನೇ ಮೆಲ್ಲಗೆ ಮೇಲಕ್ಕೆ ಮಡಚಿದ. ಆ ಕಲೆಗಳಿಗೆ ಹಣೆ ಹಚ್ಚಿ ಅತ್ತ. ಮಹಾಂತಮ್ಮ ಅವನ ತಲೆ ನೇವರಿಸಿದರು. ಆಮೇಲೆ ಅವನು ಮೂಗೊರೆಸಿಕೊಂಡು, ವ್ಯಾಪಾರಿಯಲ್ಲವೇ, ಯೋಸ್ಟ್ ಕಡೆ ತಿರುಗಿದ.

"ಸಾರ್, ನಂದೂ ಒಂದು ಹೀಗೇ ತೆಗೀರಿ. ಕುರ್ಚಿ ಮೇಲೆ."

ನಾನು ಅನುವಾದಿಸುವ ಮೊದಲೇ ಮಹಾಂತಮ್ಮ ಉತ್ತರಿಸಿದರು.

"ಮೊದ್ಲು ಏನಾದ್ರೂ ಸುಟ್ಕೊಂಡು ಬಾ."

ಇಷ್ಟೇ ಕತೆ. ಇದನ್ನು ಕೇಳಿದ ನಿಮಗೆಲ್ಲ ಶಿವನು ಆಯುಸ್ಸು, ಆರೋಗ್ಯ, ನೆಮ್ಮದಿಯ ನಿದ್ದೆ ಕೊಡಲಿ. ನಿಮ್ಮ ಮನೆಯಲ್ಲಿ ಯಾರದೋ ಕುರ್ಚಿಯ ಹಿಂದೆ ಒಬ್ಬ ತಾಯಿ ನಿಂತಿದ್ದರೆ, ಅವಳನ್ನು ಕಣ್ತೆರೆದು ನೋಡುವ ಧೈರ್ಯವನ್ನೂ ಕೊಡಲಿ. ಸರ್ವರಿಗೂ ಮಂಗಳವಾಗಲಿ.

ಶಿವನಿಗೆ ಬಿಡುವಿಲ್ಲದಿದ್ದರೆ... ನಾನಿದ್ದೇನೆ!