ಎರವಲು ತಂದ ಮಕ್ಕಳು

"ಮಗು ಎಲ್ಲಿ?"

ಗ್ರಂಥಾಲಯದ ಮಕ್ಕಳ ಕೋಣೆಯ ಬಾಗಿಲಲ್ಲಿ ಗ್ರಂಥಪಾಲಕಿ ಕೇಳಿದ ಪ್ರಶ್ನೆ ಅದು. ದನಿಯಲ್ಲಿ ಕೋಪವಿರಲಿಲ್ಲ. ಆದರೂ ಒಳಗೆ ಹೆಜ್ಜೆಯಿಡಲು ಹೊರಟಿದ್ದ ಹೆಂಗಸು ಅಲ್ಲೇ ನಿಂತಳು.

"ಮಗು..."

"ಹೂಂ, ಮಗು. ಜೊತೆಗೆ ಮಗು ಇಲ್ದೆ ದೊಡ್ಡವರನ್ನ ಒಳಗೆ ಬಿಡಲ್ಲಮ್ಮ. ರೂಲ್ಸು. ಬೋರ್ಡ್ ನೋಡಿ."

ಬೋರ್ಡ್ ಇತ್ತು. ಅದನ್ನು ದಾಟಿ ಅವಳು ಎಷ್ಟೋ ಸಲ ಒಳಗೆ ಹೋಗಿದ್ದಳು. ಆಗೆಲ್ಲ ಓದುವ ಅಗತ್ಯ ಬಿದ್ದಿರಲಿಲ್ಲ. ಕೈಯಲ್ಲೊಂದು ಪುಟ್ಟ ಕೈ ಇರುತ್ತಿತ್ತು.

ಅವಳು ವಾಪಸ್ ಬಂದಳು. ಮುಂದಿನ ಭಾನುವಾರ, ತಾನಿದ್ದ ತಂಗಿಯ ಮನೆಯಲ್ಲಿ, ಬಟಾಣಿಯನ್ನು ಜೊತೆಗೆ ಕಳಿಸೆಂದು ಕೇಳಿದಳು. ಬಟಾಣಿ ಅಂದರೆ ತಂಗಿಯ ನಾಲ್ಕು ವರ್ಷದ ಮಗಳು. ಗುಂಡಗೆ, ಒಂದು ಕಡೆ ನಿಲ್ಲದವಳು.

"ಇವಳನ್ನ ಲೈಬ್ರರಿಗಾ? ಅಕ್ಕಾ, ನಿಂಗೇನಾಗಿದೆ? ಇವಳು ಹೋದ್ರೆ ಲೈಬ್ರರಿ ಉಳಿಯಲ್ಲ."

"ಉಳಿಯದಿದ್ರೆ ಬೇಡ."

ತಂಗಿ ನಗುವುದನ್ನು ನಿಲ್ಲಿಸಿ ಅಕ್ಕನ ಮುಖ ನೋಡಿದಳು. "ಅಲ್ಲಿಗೇ ಹೋಗ್ಬೇಕಾ ಅಕ್ಕಾ?"

"ಇವಳ ಸಾಕ್ಸ್ ಎಲ್ಲಿ?" ಎಂದಳು ಅವಳು.

* * *

ಮಕ್ಕಳ ಕೋಣೆ ಬದಲಾಗಿರಲಿಲ್ಲ. ಅವೇ ಗಿಡ್ಡ ಕಪಾಟುಗಳು, ಬಣ್ಣದ ಪುಟಾಣಿ ಕುರ್ಚಿಗಳು, ಮೂಲೆಯಲ್ಲಿ ಹಸಿರು ಬಟ್ಟೆಯ ಸುರಂಗ. ಮಕ್ಕಳು ತೂರಿಕೊಂಡರೆ ಅದು ಹೊಟ್ಟೆ ತುಂಬಿದ ಕಂಬಳಿಹುಳುವಿನಂತೆ ಹೊರಳಾಡುತ್ತಿತ್ತು.

ಅವಳು ಸುರಂಗದ ಪಕ್ಕ ನೆಲದ ಮೇಲೆ ಕುಳಿತಳು. ಇಲಿಮರಿಯ ಜಾಗ ಇದು.

ಇಲಿಮರಿ ಅವಳ ಮಗಳು. ಒಂದು ಜ್ವರ ಬಂತು, ಮೂವರು ಆಸ್ಪತ್ರೆಗೆ ಹೋದರು, ಇಬ್ಬರು ವಾಪಸ್ ಬಂದರು. ಅದರಲ್ಲಿ ಹೇಳುವುದಕ್ಕೆ ಹೆಚ್ಚಿನದೇನೂ ಇಲ್ಲ.

ಮನೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಇಲಿಮರಿ ಈ ಸುರಂಗದೊಳಗೆ ನುಗ್ಗಿ ಕೂಗುತ್ತಿದ್ದಳು, "ನಾನಿಲ್ಲ! ನಾನು ಆಗ್ಲೇ ಹೋದೆ!"

*ನಾನಿಲ್ಲ!*

ಅವಳು ಬೆಚ್ಚಿಬಿದ್ದಳು. ಸುರಂಗದ ಬಟ್ಟೆ ಸಣ್ಣಗೆ ಅಲುಗಿತು. ಬಗ್ಗಿ ನೋಡಿದಳು... ಒಳಗೆ ಯಾರೂ ಇಲ್ಲ. ಮಕ್ಕಳೆಲ್ಲ ಕಿಟಕಿಯ ಹತ್ತಿರ ಇದ್ದರು.

ಫ್ಯಾನಿನ ಗಾಳಿ ಅಷ್ಟೇ, ಎಂದುಕೊಂಡಳು. ಬಟ್ಟೆ ಅಲುಗಿದ್ದು ಗಾಳಿಗೆ. ಆದರೆ ದನಿ?

ಆ ದನಿ ಅವಳಿಗೆ ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲೂ ಕೇಳುತ್ತಿತ್ತು, ಗಾಜು ಉಜ್ಜುವ ಯಂತ್ರದ ಸದ್ದಿನ ನಡುವೆ. ಬಸ್ಸಿನಲ್ಲಿ ಕೇಳುತ್ತಿತ್ತು. ನಲ್ಲಿ ತಿರುಗಿಸಿದಾಗ ಕೇಳುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ತಂಗಿ ಡಾಕ್ಟರ ಹತ್ತಿರ ಎಳೆದೊಯ್ಯುತ್ತಾಳೆ, ಡಾಕ್ಟರು ಮಾತ್ರೆ ಕೊಡುತ್ತಾರೆ, ಮಾತ್ರೆ ನುಂಗಿದರೆ ದನಿ ನಿಂತುಹೋಗುತ್ತದೆ. ನಿಂತುಹೋದರೆ ಇಲಿಮರಿಯದೆಂದು ಉಳಿಯುವುದೇನು? ನಿಲ್ಲದಿದ್ದರೆ ತನಗೆ ಹುಚ್ಚು ಹಿಡಿಯುತ್ತದೆ. ಎರಡೂ ಬೇಡವಾಗಿತ್ತು.

*ಈ ಲೋಕದಲ್ಲಿ ಅವಳನ್ನ ಇನ್ನೂ ಕೇಳಿಸ್ಕೊಳ್ತಾ ಇರೋಳು ನಾನೊಬ್ಬಳೇನಾ?*

ಆಗ ಬಾಗಿಲಲ್ಲಿ ಒಬ್ಬ ಗಂಡಸು ಕಾಣಿಸಿಕೊಂಡ. ಹೆಗಲ ಮೇಲೆ ಎರಡು ಜುಟ್ಟಿನ ಒಂದು ಹುಡುಗಿ. ಅವಳ ತಲೆ ಚೌಕಟ್ಟಿಗೆ ತಾಗದಂತೆ ಅವನು ಮೊಣಕಾಲು ಬಗ್ಗಿಸಿ ಒಳಗೆ ಬಂದ.

ಇಲಿಮರಿಯನ್ನು ಹೊತ್ತು ತರುತ್ತಿದ್ದದ್ದೂ ಹೀಗೆಯೇ!

ಅವನು ಅವಳ ಗಂಡ. ಲಿಫ್ಟ್ ಮೆಕ್ಯಾನಿಕ್. ಇಬ್ಬರೂ ಬೇರೆಯಾಗಿ ಒಂದೂವರೆ ವರ್ಷವಾಗಿತ್ತು.

ಬೇರೆಯಾಗಲು ದೊಡ್ಡ ಜಗಳವೇನೂ ಆಗಿರಲಿಲ್ಲ. ಅವಳು ಅತ್ತಾಗಲೆಲ್ಲ ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಿದ್ದ. ಒಂದು ದಿನ ಅವಳು ಅಂಗಡಿಯಿಂದ ಬಂದಾಗ ಇಲಿಮರಿಯ ಕೋಣೆ ಖಾಲಿಯಾಗಿತ್ತು. ಬಟ್ಟೆ, ಆಟಿಕೆ, ಪುಸ್ತಕ... ಏನೂ ಇಲ್ಲ. ಗುಡಿಸಿದ ನೆಲ. ಎಲ್ಲಿ ಎಂದು ಅವಳು ಕೇಳಲಿಲ್ಲ. ಕೇಳುವುದಕ್ಕೇನಿತ್ತು? ಅಂದೇ ತಂಗಿಯ ಮನೆಗೆ ಹೊರಟಳು. ಅವನು ತಡೆಯಲೂ ಇಲ್ಲ.

"ಎರಡೇ ಪುಸ್ತಕ! ಆಮೇಲೆ ಮನೆ!" ಹೆಗಲ ಮೇಲಿನ ಹುಡುಗಿ ಅಪ್ಪಣೆ ಕೊಟ್ಟಳು. "ಅಮ್ಮ ಬೇಗ ಬನ್ನಿ ಅಂದಿದಾಳೆ."

"ಆಯ್ತು ಮೇಡಂ. ನಿಮ್ಮಮ್ಮನ ಮಾತು ಮೀರಕ್ಕಾಗುತ್ತಾ?"

ಅವಳು ಸುರಂಗದ ಮರೆಗೆ ಸರಿದಳು.

*ಓ... ಮನೇಲಿ ಕಾಯೋಕೆ ಒಬ್ಬ ಅಮ್ಮನೂ ಇದಾಳೆ. ಕೋಣೆ ಖಾಲಿ ಮಾಡಿದ್ದು ಇದಕ್ಕೇನಾ?*

ಎದ್ದಳು. ಅವನು ನೋಡುವ ಮೊದಲು ಹೊರಟುಬಿಡಬೇಕು.

"ಬಟಾಣಿ, ನಡಿ."

"ಬರಲ್ಲ."

"ನಡೀ ಅಂದೆ!"

"ದೊಡ್ಡಮ್ಮಾ, ಇಲ್ನೋಡು!" ಬಟಾಣಿ ಒಂದು ದಪ್ಪ ಪುಸ್ತಕವನ್ನು ಎದೆಗವಚಿಕೊಂಡು ಕಿಲಕಿಲ ನಗುತ್ತಿದ್ದಳು. "ಹುಲಿಗೆ ಕನ್ನಡಕ!"

ಅವಳು ನೋಡಿದಳು.

ಬಾಯಿ ತೆರೆದು ನಿಂತ ಹುಲಿ. ಅದರ ಕಣ್ಣಿನ ಸುತ್ತ ನೀಲಿ ಶಾಯಿಯ ಎರಡು ದುಂಡನೆಯ ಗೆರೆ, ನಡುವೆ ಸಣ್ಣ ಸೇತುವೆ, ಕಿವಿಯವರೆಗೆ ಕಡ್ಡಿ. ಲೆನ್ಸಿಗೆ ಗುರುತು ಹಾಕುವ ಪೆನ್ನಿನ ಶಾಯಿ. ಇಲಿಮರಿ ಈ ಪುಟ ಬಂದರೆ ಕಿರುಚಿ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಅದಕ್ಕೇ ಒಂದು ದಿನ ತಾನೇ ಅಂಗಡಿಯ ಪೆನ್ನಿನಿಂದ ಹುಲಿಗೆ ಕನ್ನಡಕ ಬರೆದು ಮಗಳಿಗೆ ಹೇಳಿದ್ದಳು, "ಪಾಪ, ಇದಕ್ಕೆ ಕಣ್ಣೇ ಕಾಣಲ್ಲ ಕಣೇ. ಬಾಯಿ ತೆರೆದು ದಾರಿ ಕೇಳ್ತಿದೆ ಅಷ್ಟೇ."

ಇದು ಮನೆಯ ಪುಸ್ತಕ. ಇಲಿಮರಿಯದು. ಇಲ್ಲಿಗೆ ಹೇಗೆ ಬಂತು?

ಅವಳು ಅದನ್ನು ಕಸಿದುಕೊಂಡು ನೇರವಾಗಿ ಅವನ ಮುಂದೆ ಹೋಗಿ ನಿಂತಳು. ಅವನು ಪುಟಾಣಿ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕುಳಿತಿದ್ದ. ತಲೆಯೆತ್ತಿ ಅವಳನ್ನು ಕಂಡು ಏಳಲು ಹೋದ. ಕುರ್ಚಿಯೂ ಅವನ ಜೊತೆಗೇ ಎದ್ದಿತು.

"ಇದು ಇಲ್ಲಿ ಯಾಕಿದೆ?" ಅವಳ ದನಿ ಏರಿತು.

"ಶ್!" ಗ್ರಂಥಪಾಲಕಿ ಬೆರಳೆತ್ತಿದಳು. "ಇಲ್ಲಿ ಮಕ್ಕಳು ಕೂಗ್ಬಹುದು. ದೊಡ್ಡವರು ಕೂಗೋ ಹಾಗಿಲ್ಲ."

ಕುರ್ಚಿಯನ್ನು ಕಿತ್ತು ಕೆಳಗಿಟ್ಟು ಅವನು ಪಿಸುಗುಟ್ಟಿದ. "ನಾನೇ ಕೊಟ್ಟೆ. ಎಲ್ಲಾ ಪುಸ್ತಕಾನೂ. ಆಟಿಕೇನೂ."

"ಬಿಸಾಕಿದೆ ಅಂದ್ಕೊಂಡಿದ್ದೆ."

"ನೀನು ಕೇಳ್ಲಿಲ್ಲ."

"ನೀನು ಹೇಳ್ಲಿಲ್ಲ!"

"ಹೇಳೋಕೆ ಬಾಯಿ ಬರ್ಲಿಲ್ಲ... ಬಟ್ಟೆ ಮಾತ್ರ ಬಿಸಾಕಿದ್ದು ನಿಜ. ಸುಳ್ಳು ಹೇಳಲ್ಲ. ಬಟ್ಟೇಲಿ ಅವಳ ವಾಸನೆ ಇತ್ತು. ನಂಗೆ ಆಗ್ಲಿಲ್ಲ."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಆ ಬಟ್ಟೆಯ ಒಂದು ತುಂಡಿಗಾಗಿ ಅವಳು ಏನು ಬೇಕಾದರೂ ಕೊಡುತ್ತಿದ್ದಳು. ಇದನ್ನು ತಾನು ಯಾವತ್ತೂ ಪೂರ್ತಿ ಕ್ಷಮಿಸುವುದಿಲ್ಲ ಎಂದೂ ಅವಳಿಗೆ ತಿಳಿಯಿತು.

"ಪುಸ್ತಕ ಯಾಕೆ ಇಲ್ಲಿಗೆ ಕೊಟ್ಟೆ?"

"ಮನೇಲಿದ್ರೆ ಯಾರೂ ಮುಟ್ಟಲ್ಲ. ಇಲ್ಲಿ ಯಾವ್ದಾದ್ರೂ ಮಗು ತೆಗೆಯುತ್ತೆ. ಈ ಹುಲಿ ಬಂದ ತಕ್ಷಣ ನಗುತ್ತೆ." ಅವನು ಹುಲಿಯನ್ನೇ ನೋಡುತ್ತಿದ್ದ. "ಆ ನಗು ಕೇಳೋಕೆ ಬರ್ತೀನಿ."

ಅವಳು ಎರಡು ಜುಟ್ಟಿನ ಹುಡುಗಿಯನ್ನು ಗದ್ದದಿಂದ ತೋರಿಸಿದಳು. "ಮತ್ತೆ ಇವಳು? ಇವಳಮ್ಮ?"

"ಮೇಲಿನ ಮನೆಯವರ ಮಗಳು. ಅವರಮ್ಮ, ಅಪ್ಪ ಇಬ್ಬರಿಗೂ ಭಾನುವಾರ ಒಂದಿಷ್ಟು ನಿದ್ದೆ ಬೇಕು. ನಂಗೆ ಒಂದು ಮಗು ಬೇಕು. ಇಲ್ದಿದ್ರೆ ಇವರು ಒಳಗೆ ಬಿಡಲ್ವಲ್ಲ."

"ನಿನ್ನನ್ನೂ ಕೇಳಿದ್ರಾ? ಮಗು ಎಲ್ಲಿ ಅಂತ?"

ಅವನು ತಲೆಯಾಡಿಸಿದ. "ಅವತ್ತು ಹೊರಗೆ ಮೆಟ್ಟಿಲ ಮೇಲೆ ಕೂತವನು ಬಾಗಿಲು ಹಾಕೋ ತನಕ ಏಳ್ಲಿಲ್ಲ."

"ಹಾಗಾದ್ರೆ ಇವಳು ಎರವಲು?"

"ಎರವಲು. ನಿಂದು?"

"ನಂದೂ... ತಂಗಿದು."

ಅವಳಿಗೆ ನಗು ಬಂತು. ತಡೆಯಲಾಗದ, ಅವಮಾನವಾಗುವಂಥ ನಗು. ಬಾಯಿಗೆ ಕೈ ಅಡ್ಡ ಹಿಡಿದಳು. ಅದು ಯಾವಾಗ ಅಳುವಾಯಿತೋ ಅವಳಿಗೇ ತಿಳಿಯಲಿಲ್ಲ.

ಅವನ ಕಣ್ಣು ಬಾಗಿಲ ಕಡೆ ಹೋಯಿತು. ಹಳೆಯ ಚಾಳಿ. ಕಾಲುಗಳೂ ಆ ಕಡೆ ತಿರುಗಿದವು. ಆದರೆ ಅವನು ಹೋಗಲಿಲ್ಲ. ಮತ್ತೆ ಅದೇ ಕುರ್ಚಿಯಲ್ಲಿ ಕುಳಿತ.

ಈಗ ಕೇಳದಿದ್ದರೆ ಇನ್ನೆಂದೂ ಕೇಳಲಾರೆ ಎನಿಸಿತು ಅವಳಿಗೆ.

"ಒಂದು ಮಾತು ಕೇಳ್ತೀನಿ. ಹುಚ್ಚಿ ಅನ್ಬೇಡ."

"ಕೇಳು."

"ನಂಗೆ ಅವಳು ಕೂಗೋದು ಕೇಳಿಸುತ್ತೆ. ಈಗ್ಲೂ... ಇಲ್ಲೂ."

ಅವನು ಅವಳ ಕೈಯಿಂದ ಪುಸ್ತಕ ತೆಗೆದುಕೊಂಡು ಮೊಣಕಾಲ ಮೇಲಿಟ್ಟ. ಅವಳು ಕಾದಳು.

"ಲಿಫ್ಟಿನ ಕೆಳಗಿನ ಹಳ್ಳಕ್ಕೆ ಇಳಿದು ಕೆಲಸ ಮಾಡ್ತೀನಲ್ಲ," ಅವನು ಕೊನೆಗೆ ಹೇಳಿದ, "ಕತ್ತಲು. ತಲೆ ಮೇಲೆ ಅಷ್ಟೆತ್ತರ ಬರೀ ಖಾಲಿ. ಮೇಲಿಂದ ಕೂಗ್ತಾಳೆ, 'ನಾನು ಆಗ್ಲೇ ಹೋದೆ' ಅಂತ. ದಿನಾ. ಎಷ್ಟೋ ಸಲ ಕೆಲಸ ಬಿಟ್ಟು ಮೇಲೆ ಹತ್ತಿ ಹೋಗಿದೀನಿ, ನೋಡೋಕೆ."

ಅವಳು ಅವನೆದುರು ನೆಲದ ಮೇಲೆ ಕುಳಿತಳು. ಭಯವಾಯಿತು. ಆದರೆ ಇಷ್ಟು ದಿನದ ಭಯವಲ್ಲ ಇದು. ಆ ಭಯದಲ್ಲಿ ಅವಳೊಬ್ಬಳೇ ಇದ್ದಳು.

"ದಿನಾನಾ?"

"ದಿನಾ. ನಿಂಗೆ ಹೇಳಿದ್ರೆ ನೀನು ಇನ್ನೂ ಕುಸಿದುಹೋಗ್ತೀಯ ಅಂತ... ಅದಕ್ಕೇ ಹೊರಗೆ ಹೋಗ್ತಿದ್ದೆ."

"ದಡ್ಡ."

"ಹೂಂ."

"ಕಲ್ಲು ಅಂದ್ಕೊಂಡಿದ್ದೆ ನಿನ್ನ. ಬರೀ ದಡ್ಡ."

* * *

ಮಕ್ಕಳನ್ನು ಅವರವರ ಮನೆ ಮುಟ್ಟಿಸುವ ಹೊತ್ತಿಗೆ ಸಂಜೆಯಾಗಿತ್ತು. ಬಟಾಣಿಯನ್ನು ಒಪ್ಪಿಸಿಕೊಳ್ಳಲು ಬಂದ ತಂಗಿ ಬಾಗಿಲಲ್ಲಿ ಭಾವನನ್ನು ಕಂಡು ಬಾಯಿ ತೆರೆದಳು. ಅಕ್ಕನ ಕೆಂಪು ಕಣ್ಣು ನೋಡಿ ಮುಚ್ಚಿದಳು.

ಬೀದಿಯ ತಿರುವಿನಲ್ಲಿ ಇಬ್ಬರೂ ನಿಂತರು.

"ಆ ಕೋಣೆ ಹಾಗೇ ಖಾಲಿ ಇದೆ," ಎಂದ ಅವನು. "ನಾನು ನಡುಮನೇಲೇ ಮಲಗ್ತೀನಿ. ಬಾ ಅನ್ನೋಕೆ ನಂಗೆ ಮುಖ ಇಲ್ಲ."

"ಬರ್ತೀನಿ."

ಅವನು ಅವಳತ್ತ ತಿರುಗಿದ.

"ಇವತ್ತೊಂದಿನ. ನಾಳೆಯದು ನಂಗೊತ್ತಿಲ್ಲ. ಬಟ್ಟೆ ಬಿಸಾಕಿದ್ದಕ್ಕೆ ಇನ್ನೂ ತುಂಬಾ ಬೈಯೋದಿದೆ."

"ಬೈ."

"ಆ ಕೋಣೇಲಿ ಕೂತು ಅಳ್ತೀನಿ. ಜೋರಾಗಿ. ನೀನು ಚಪ್ಪಲಿ ಹಾಕ್ಕೊಂಡು ಹೋಗ್ಬಾರ್ದು."

"ಹೋಗಲ್ಲ... ಪಕ್ಕದಲ್ಲಿ ಕೂತ್ಕೊಂಡ್ರೆ ಸಾಕಾ?"

"ಸಾಕು," ಎಂದಳು ಅವಳು, ಅವನ ತೋಳು ಹಿಡಿದು. "ಏನೂ ಸಮಾಧಾನ ಹೇಳ್ಬೇಡ. ನಿಂಗೆ ಬರಲ್ಲ ಅದು."