ಬಾಲವಿಲ್ಲದ ಮಾಲು

೧೯೬೧ರ ಫೆಬ್ರವರಿ ೧೮, ಶನಿವಾರ. ಬೆಳಿಗ್ಗೆ ೧೦.೧೫ಕ್ಕೆ ಶಿರಾ ಠಾಣೆಗೆ ಬಂದ ದೂರು ಕೇಳಿ ಹೆಡ್ ಕಾನ್‌ಸ್ಟೆಬಲ್ ಸಂಜೀವಯ್ಯ ಪೆನ್ನು ಕೆಳಗಿಟ್ಟರು. ಕಳುವಾದದ್ದು ಹನ್ನೆರಡು ಕೋಳಿಮೊಟ್ಟೆ.

“ಮೊಟ್ಟೆಗೂ ಎಫ್‌ಐಆರಾ, ಅಮ್ಮಾ?”

“ಅವು ತಿನ್ನೋ ಮೊಟ್ಟೆ ಅಲ್ಲ,” ಎಂದರು ಡಾ. ಸರ್ವಮಂಗಳಾ. ಪೇಟೆಯ ಬಾಡಿಗೆ ಮನೆಯೊಂದರಲ್ಲಿ ಎರಡು ವರ್ಷದಿಂದ ಪ್ರಯೋಗ ನಡೆಸುತ್ತಿದ್ದ ವಿಜ್ಞಾನಿ. ಅತ್ತು ಕಣ್ಣು ಕೆಂಪಾಗಿತ್ತು. “ಸಕ್ಕರೆ ಕಾಯಿಲೆಗೆ ಕೊಡೋ ಇನ್ಸುಲಿನ್ ಇದೆಯಲ್ಲ, ಅದನ್ನ ಕಾವಿಗಿಟ್ಟ ಎರಡನೇ ದಿನ ಮೊಟ್ಟೆಗೆ ಚುಚ್ಚಿದರೆ ಎಷ್ಟೋ ಮರಿಗಳಿಗೆ ಬಾಲವೇ ಬೆಳೆಯೋಲ್ಲ. ಯಾಕೆ ಅಂತ ಹುಡುಕ್ತಿದ್ದೀನಿ. ಅರವತ್ತರಲ್ಲಿ ಉಳಿದದ್ದು ಹನ್ನೆರಡೇ. ಇವತ್ತು ಇಪ್ಪತ್ತನೇ ದಿನ, ನಾಳೆ ಮರಿ ಹೊರಬರೋಕೆ ಮುಂಚೆ ಒಡೆದು ನೋಡಬೇಕಿತ್ತು. ಸೋಮವಾರ ಬೆಂಗಳೂರಿಂದ ಮೇಲಿನವರು ಬರ್ತಾರೆ. ತೋರಿಸೋಕೆ ಏನೂ ಇಲ್ಲದಿದ್ದರೆ ಪ್ರಯೋಗಶಾಲೆಗೆ ಬೀಗ ಹಾಕ್ತಾರೆ.”

ಸಬ್ ಇನ್‌ಸ್ಪೆಕ್ಟರ್ ಕುತುಬುದ್ದೀನ್ ಟೋಪಿ ಹಾಕಿಕೊಂಡು ಎದ್ದರು.

೧೧.೨೦ಕ್ಕೆ ಸ್ಥಳ ಪಂಚನಾಮೆ. ಬೀಗ ಒಡೆದಿಲ್ಲ. ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯ ಬಾಗಿಲು ಮುಚ್ಚಿದೆ, ಒಳಗಿನ ಸೀಮೆಎಣ್ಣೆ ದೀಪ ಉರಿಯುತ್ತಿದೆ. ಗೂಟಕ್ಕೆ ನೇತುಹಾಕಿದ್ದ ಡಾಕ್ಟರಮ್ಮನ ಉಣ್ಣೆ ಶಾಲೂ ಕಾಣೆ. ಕಸ ಗುಡಿಸುವ ಹೊನ್ನಕ್ಕ ಎಲ್ಲರಿಗೂ ಕಾಫಿ ತಂದುಕೊಟ್ಟಳು. ಪಾಪ, ಅವಳನ್ನು ಯಾರೂ ಒಂದು ಮಾತೂ ಕೇಳಲಿಲ್ಲ.

“ಯಾವನೋ ತಿನ್ನಾಕೆ ಎತ್ಕೊಂಡೋಗವ್ನೆ, ಸಾರ್,” ಎಂದ ಕಾನ್‌ಸ್ಟೆಬಲ್ ಜಯರಾಮಯ್ಯ.

“ತಿನ್ನೋನು ಮೊಟ್ಟೆಗೆ ಶಾಲು ಹೊದಿಸ್ತಾನೇನ್ರೀ? ಇವನಿಗೆ ಮರಿ ಬೇಕು. ಕಾವಿಗೆ ಕೂತ ಕೋಳಿ ಎಲ್ಲಿದೆ ನೋಡಿ. ಆದರೆ ಕಾವಿನ ಸುದ್ದಿ ಎತ್ತಬೇಡಿ. ಕೋಳಿ ಇದೆಯಾ ಅಂತ ಮಾತ್ರ ಕೇಳಿ,” ಎಂದರು ಕುತುಬುದ್ದೀನ್.

ಅಂದು ಸಂಜೆಯವರೆಗೆ ಮೂವತ್ತೊಂದು ಮನೆ ಆಯಿತು. ಪೊಲೀಸರು ಕೋಳಿ ಕೇಳುತ್ತಿದ್ದಾರೆಂದು ಊರಿಗೆ ಊರೇ ನಕ್ಕಿತು. ಠಾಣೆಯಲ್ಲಿ ಬಾಡೂಟವೆಂದು ಹೆದರಿ ಕೆಲವರು ಹುಂಜಗಳನ್ನು ಅಟ್ಟದ ಮೇಲೆ ಬಚ್ಚಿಟ್ಟರು.

ಭಾನುವಾರ ೯.೩೦. ಕುತುಬುದ್ದೀನರಿಗೆ ಕಾಫಿ ಕೊಟ್ಟವಳ ನೆನಪಾಯಿತು. ಹೋದಾಗ ಹೊನ್ನಕ್ಕ ಪ್ರಯೋಗಶಾಲೆಯ ಅಂಗಳ ಗುಡಿಸುತ್ತಿದ್ದಳು.

“ಬೀಗದಕೈ ಯಾರ ಹತ್ರ ಇರುತ್ತೆ?”

“ಡಾಕ್ಟ್ರಮ್ಮನ ತಾವ ಒಂದು, ನನ್ ತಾವ ಒಂದು, ಸಾಮಿ.”

“ಮನೇಲಿ ಕೋಳಿ ಇದೆಯಾ?”

“ಒಂದೈತೆ. ಕಾವಿಗೇನೂ ಕೂತಿಲ್ಲ!”

“ಕಾವಿನ ಮಾತು ನಾನು ಎತ್ತಲೇ ಇಲ್ಲವಲ್ಲ, ಹೊನ್ನಕ್ಕ?”

ಅವಳು ಪೊರಕೆ ಕೆಳಗಿಟ್ಟಳು.

೧೦.೪೦ಕ್ಕೆ ಕೆರೆ ಏರಿ ಕೆಳಗಿನ ಅವಳ ಮನೆಯಲ್ಲಿ ಶೋಧ. ಮೂಲೆಯ ಮಂಕರಿಯಲ್ಲಿ ಶಾಲು, ಶಾಲಿನ ಮೇಲೆ ಸಿಡುಕಿನ ಕೋಳಿ. ಅದು ಮೊದಲು ಕುಕ್ಕಿದ್ದು ಜಯರಾಮಯ್ಯನ ಕೈಗೆ. ಕೋಳಿಯನ್ನು ಎತ್ತಿದರೆ ಏಳು ಮರಿ, ಐದು ಮೊಟ್ಟೆ. ಒಡೆದ ಚಿಪ್ಪುಗಳ ಮೇಲೆ ಪೆನ್ಸಿಲಿನ ನಂಬರು ಹಾಗೇ ಇತ್ತು. ಮರಿಗಳು ತಿರುಗಿ ನಿಂತವು. ಒಂದಕ್ಕೂ ಬಾಲವಿಲ್ಲ!

ಸಂಜೀವಯ್ಯನವರ ಪೆನ್ನು ಮತ್ತೆ ನಿಂತಿತು. “ಸಾರ್, ಎಫ್‌ಐಆರ್‌ನಲ್ಲಿ ಮೊಟ್ಟೆ ಹನ್ನೆರಡು. ಇಲ್ಲಿ ನೋಡಿದ್ರೆ ಮರಿ. ಮಾಲು ತಾಳೆ ಆಗ್ತಿಲ್ಲ.”

“ಮಾಲು ಬೆಳೆದಿದೆ ಅಂತ ಬರೀರಿ.”

ಸರ್ವಮಂಗಳಾ ಓಡಿಬಂದರು. ಮರಿಯೊಂದನ್ನು ಅಂಗೈ ಮೇಲಿಟ್ಟು ನೋಡಿದರು. ನೆಲಕ್ಕೆ ಬಿಟ್ಟರೆ ಪುಟಪುಟ ಓಡಿತು. ಎರಡು ವರ್ಷದಲ್ಲಿ ಅವರು ಇಂಥದ್ದನ್ನು ಚಿಪ್ಪಿನೊಳಗಷ್ಟೇ ಕಂಡಿದ್ದರು. ಓಡುವುದನ್ನು ಕಂಡಿರಲಿಲ್ಲ. ಸೋಮವಾರ ಬರುವವರ ಮುಂದೆ ಇವು ಓಡಾಡಿದರೆ ಬೀಗದ ಮಾತೇ ಇಲ್ಲ. ಅವರಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

“ಅಲ್ಲ ಕಣೇ ಹೊನ್ನಕ್ಕ, ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

“ಕೇಳಿದ್ರೆ ಕೊಡ್ತಿದ್ರಾ, ಅಮ್ಮಾ?”

ಡಾಕ್ಟರಮ್ಮ ಓಡುತ್ತಿದ್ದ ಮರಿಯನ್ನು ಹಿಡಿದು ಮಂಕರಿಗೆ ಬಿಟ್ಟರು.

೧೨.೦೫ಕ್ಕೆ ದಸ್ತಗಿರಿ. ಮರಿಗಳಿಗೆ ಕಾವು ಬೇಕಾದ್ದರಿಂದ ಕೋಳಿಯೂ ಜೀಪು ಹತ್ತಿತು. ಜಾಮೀನಿಗೆ ಯಾರಿದ್ದಾರೆಂದು ಠಾಣೆಯಲ್ಲಿ ಕೇಳಿದಾಗ ದೂರುದಾರರೇ ಮುಂದೆ ಬಂದರು. ಕಾನೂನಿನಲ್ಲಿ ಹೀಗುಂಟೇ ಎಂದು ಸಂಜೀವಯ್ಯ ಪುಸ್ತಕ ತಿರುವತೊಡಗಿದರು.

“ಯಾಕೆ ಕದ್ದೆ?” ಎಂದರು ಕುತುಬುದ್ದೀನ್.

“ನಿನ್ನೆ ಬೆಳಗ್ಗೆ ಪೆಟ್ಟಿಗೆ ಒರೆಸ್ತಿದ್ದೆ, ಸಾಮಿ. ಒಳಗಿಂದ ಚಿಂವ್ ಅಂತು. ಅವತ್ತೇ ಒಡೀತಾರೆ ಅಂತ ಗೊತ್ತಿತ್ತು. ಕೇಳುಸ್ಕೊಂಡ್ಮೇಲೆ ಹೆಂಗ್ ಬುಡ್ಲಿ?”

ಉಳಿದ ಐದರಲ್ಲಿ ಒಂದನ್ನು ಸರ್ವಮಂಗಳಾ ಕಿವಿಗೆ ಹಿಡಿದರು. ಒಳಗಿಂದ ಚಿಂವ್ ಎಂದಿತು. ಆಮೇಲೆ ತಾವೇ ಬಗ್ಗಿ ಅದನ್ನು ಕೋಳಿಯ ಕೆಳಗೆ ಸರಿಸಿದರು.