ತೇಪೆಯಿಲ್ಲದ ನಿಲುವಂಗಿ

2016ರ ಅಕ್ಟೋಬರ್ 31, ಸೋಮವಾರ. ಬೆಳಗ್ಗೆ 9.20ಕ್ಕೆ ಉತ್ತರ ಶಾನ್‌ಶಿಯ ಯಾನ್‌ಕೌ ಠಾಣೆಗೆ ದೂರು ಬಂತು. ತಂದವರು ಊರಿನ ವಸ್ತುಸಂಗ್ರಹಾಲಯದ ಮೇಲ್ವಿಚಾರಕ ತಾಂಗ್. ಗಾಜಿನ ಪೆಟ್ಟಿಗೆಯಲ್ಲಿದ್ದ ಆರುನೂರೈವತ್ತು ವರ್ಷ ಹಳೆಯ ರೇಷ್ಮೆ ನಿಲುವಂಗಿ ಹೋಗಿದೆ, ಅದರ ಜಾಗದಲ್ಲಿ ನಕಲು ತೂಗುತ್ತಿದೆ ಎಂದರು. ಇನ್‌ಸ್ಪೆಕ್ಟರ್ ಪೆಂಗ್ ಎಫ್‌ಐಆರ್ ಬರೆಸಿ, ಕಾನ್‌ಸ್ಟೇಬಲ್ ಸುರ್ನಾಳನ್ನು ಕರೆದುಕೊಂಡು ಹೊರಟರು.

ಬೀದಿಯುದ್ದಕ್ಕೂ ಕಾಗದದ ಬಟ್ಟೆ ಮಾರುವವರು ಕೂತಿದ್ದರು. ಅಂದು ಚೀನೀ ಪಂಚಾಂಗದ ಹತ್ತನೇ ತಿಂಗಳ ಪಾಡ್ಯ. ಚಳಿ ಇಳಿಯುವ ಮೊದಲು, ಹೊತ್ತು ಮುಳುಗುವುದರೊಳಗೆ, ಪ್ರತಿ ಮನೆಯವರೂ ತಮ್ಮ ಸತ್ತವರಿಗೆ ಬೆಚ್ಚನೆಯ ಬಟ್ಟೆ ಸುಟ್ಟು ಕಳಿಸುವ ದಿನ. ಪೆಂಗ್ ತಮ್ಮ ತಾಯಿಗೆಂದು ಒಂದು ಜೊತೆ ಕೊಂಡು ಜೀಪಿನಲ್ಲಿಟ್ಟರು.

10.05ಕ್ಕೆ ಪಂಚನಾಮೆ ಶುರುವಾಯಿತು.

"ನಕಲು ಅಂತ ಹೇಗೆ ಗೊತ್ತಾಯ್ತು?"

"ಸೋಮವಾರ ನಮಗೆ ರಜೆ. ಕೀಲಿಗಾರನಿಂದ ಪೆಟ್ಟಿಗೆ ತೆಗೆಸಿ, ಗಾಜು ಒರೆಸೋಕೆ ಅಂಗಿ ಇಳಿಸಿದೆ. ಬಲ ಕಂಕುಳಲ್ಲಿ ಒಂದು ತೇಪೆ ಇತ್ತು, ಅದು ಇದರಲ್ಲಿಲ್ಲ," ಎಂದರು ತಾಂಗ್. "ಬಾಕಿ ಎಲ್ಲಾ ಇದೆ. ಕಲೆಗಳು ಕೂಡ."

"ನಕಲು ಮಾಡಿದ್ದು ಯಾರು?"

"ನಾವೇ ಮಾಡಿಸಿದ್ದು, ಶಾಲೆಗಳಲ್ಲಿ ತೋರಿಸೋಕೆ. ದರ್ಜಿ ಮೋ ಗ್ವೇಲಾನ್ ಶುಕ್ರವಾರ ತಂದುಕೊಟ್ಟಳು. ಉಗ್ರಾಣದ ಡಬ್ಬಿಯಲ್ಲಿದೆ ಅಂದ್ಕೊಂಡಿದ್ದೆ. ಡಬ್ಬಿ ಖಾಲಿ. ಕೀಲಿ ಇರೋದು ಲೂ ಹತ್ರ ಮಾತ್ರ ಸರ್. ನೀವೇ ಅರ್ಥ ಮಾಡ್ಕೊಳ್ಳಿ."

ಕೀಲಿಗಾರ ಲೂ ಗೋಡೆಗೆ ಆತು ನಿಂತಿದ್ದ. ನಿವೃತ್ತಿಗೆ ಮೂರು ತಿಂಗಳು ಉಳಿದಿದ್ದ ಮುದುಕ. ಅಂಗಿ ಸಿಗದಿದ್ದರೆ ಕಳ್ಳನ ಹೆಸರು ಹೊತ್ತುಕೊಂಡೇ ಮನೆಗೆ ಹೋಗಬೇಕು.

ಸುರ್ನಾ ನಕಲಿನ ನಡುವಿನ ಮೇಲೆ ಬಗ್ಗಿದಳು. ಹುರಿ ಮಾಡಿದ ರೇಷ್ಮೆಯ ಎಳೆಗಳನ್ನು ಸಾಲುಸಾಲಾಗಿ ಕೂಡಿಸಿ ನಡುಪಟ್ಟಿ ಹೊಲಿಯಲಾಗಿತ್ತು, ಅದರ ಕೆಳಗೆ ನೆರಿಗೆ. "ಇದು ನಮ್ಮೋರ ಅಂಗಿ ಸರ್. ಕುದುರೆ ಮೇಲೆ ನಡು ಗಟ್ಟಿಯಾಗಿ ನಿಲ್ಲಲಿ ಅಂತ ಈ ಪಟ್ಟಿ. ನಿಮ್ಮೋರು ಇಸ್ಕೊಂಡು ಹೋದೋರು ಇನ್ನೂ ವಾಪಸ್ ಕೊಟ್ಟಿಲ್ಲ."

"ನಿಮ್ಮ ಮಂಗೋಲರು ಕೊಟ್ರೋ, ನಾವು ಕಸ್ಕೊಂಡ್ವೋ, ಮೊದಲು ಅದಕ್ಕೊಂದು ದೂರು ಕೊಡು," ಎಂದರು ಪೆಂಗ್.

"ಇದು ಸಿಕ್ಕ ಗೋರಿಯಲ್ಲಿದ್ದವನು ಮಂಗೋಲನಲ್ಲ, ಹಾನ್ ಚೀನೀ ಗುಮಾಸ್ತ," ಎಂದರು ತಾಂಗ್. "ಕುದುರೆ ಹತ್ತಿದ್ನೋ ಇಲ್ವೋ. ಮಂಗೋಲರ ಆಳ್ವಿಕೆ ಮುಗಿದ ಮೇಲೆ ಬಂದ ಅರಸರು ಹೊರಗಿನೋರ ಉಡುಪು ಬೇಡ ಅಂತ ಆಜ್ಞೆ ಹೊರಡಿಸಿದ್ರು. ಅವರ ಅರಮನೆಯೋರೇ ಇದೇ ನೆರಿಗೆ ತೊಟ್ಕೊಂಡು ಓಡಾಡಿದ್ರು."

ಪೆಂಗ್ ಲೂ ಕಡೆ ತಿರುಗಿದರು. "ತಾತಾ, ಶುಕ್ರವಾರ ಏನಾಯ್ತು?"

"ಅಸಲು, ನಕಲು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡ್ಬೇಕು ಅಂದ್ಲು ಮೋ. ಅಂಗಿ ತೆಗೆದುಕೊಟ್ಟೆ."

"ಪಕ್ಕದಲ್ಲೇ ಇದ್ದೆಯಾ?"

"ಚಳಿ ಅಂದ್ಲು. ಚಹಾ ತರೋಕೆ ಹೋದೆ. ಹತ್ತು ನಿಮಿಷ ಸರ್. ಬರೋದರೊಳಗೆ ಒಂದನ್ನ ತೂಗುಹಾಕಿ, ಡಬ್ಬಿ ಮುಚ್ಚಿದ್ಲು."

"ಡಬ್ಬಿ ತೆರೆದು ನೋಡಿದೆಯಾ?"

"ಇಲ್ಲ. ಹಾಗೇ ಉಗ್ರಾಣಕ್ಕೆ ಒಯ್ದಿಟ್ಟೆ."

"ಅವಳು ಇನ್ನೇನೂ ಕೇಳ್ಲಿಲ್ವಾ?" ಎಂದರು ಪೆಂಗ್.

"ಇಲ್ಲ. ಬಂದಾಗಲೆಲ್ಲ ಒಂದೇ ಮಾತು. ಆ ಗುಮಾಸ್ತನ ಎಲುಬು ಎಲ್ಲಿಟ್ಟಿದ್ದೀರಿ ಅಂತ. ಶೆಲ್ಫ್ ತೋರಿಸಿದ್ದೆ."

ಮಧ್ಯಾಹ್ನ 2.30. ಬಟ್ಟೆಗಲ್ಲಿಯಲ್ಲಿ ಮೋ ಗ್ವೇಲಾನಳ ಬಾಗಿಲಿಗೆ ಬೀಗ. ಪಕ್ಕದ ವಿನೆಗರ್ ಅಂಗಡಿಯಾಕೆ ಕೈ ಒರೆಸಿಕೊಳ್ಳುತ್ತಾ ಬಂದಳು.

"ಗಂಡ ಕಲ್ಲಿದ್ದಲು ಗಣಿಯಲ್ಲೇ ಉಳಿದ, ಹೆಣ ಸಿಗಲಿಲ್ಲ. ಗೋರಿ ಇಲ್ಲ ಅಂತ ಇಪ್ಪತ್ತು ವರ್ಷದಿಂದ ನಾಲ್ಕು ದಾರಿ ಕೂಡೋ ಕಡೆ ಕೂತು ಅವನಿಗೆ ಬಟ್ಟೆ ಸುಡ್ತಾಳೆ. ಈ ಸಲ ಇನ್ನೊಂದು ಜೊತೆ ತಗೊಳ್ಳೆ, ನೀನು ಹೇಳ್ತಿರೋ ಆ ಗುಮಾಸ್ತನಿಗೂ ಆಗುತ್ತೆ ಅಂದೆ. ಅವನಿಗೆ ಅವನದೇ ಇದೆ ಅಂದ್ಲು. ಉತ್ತರದ ಇಟ್ಟಿಗೆಗೂಡಿನ ಕಡೆ ಹೋದ್ಲು."

ಗುಮಾಸ್ತನ ಗೋರಿ ಸಿಕ್ಕಿದ್ದು ಆ ಇಟ್ಟಿಗೆಗೂಡಿನ ಮಣ್ಣು ತೋಡುವಾಗ. ಪೆಂಗ್ ಆಕಾಶ ನೋಡಿದರು. ಹೊತ್ತು ಮುಳುಗಲು ಮೂರು ಗಂಟೆಯೂ ಇರಲಿಲ್ಲ. ದಾರಿ ಕೆಟ್ಟದ್ದು, ಒಂದು ಕಡೆ ಜೀಪು ಕೆಸರಿನಲ್ಲಿ ಹೂತಿತು. ಉಳಿದ ತುಸು ದಾರಿಯನ್ನು ಇಬ್ಬರೂ ನಡೆದರು.

4.50. ತೋಡಿಟ್ಟ ಹಳ್ಳದ ಅಂಚಿನಲ್ಲಿ ಬೂದಿಯಲ್ಲಿ ಎಳೆದ ವೃತ್ತ, ಸತ್ತವನು ಬಂದು ಒಯ್ಯಲೆಂದು ಹಳ್ಳದ ಕಡೆಗೆ ಬಿಟ್ಟ ಬಾಯಿ. ಪಕ್ಕದಲ್ಲಿ ಮೋ ಗ್ವೇಲಾನ್, ಮಡಿಲಲ್ಲಿ ಅಂಗಿ, ಕೈಯಲ್ಲಿ ಬೆಂಕಿಪೊಟ್ಟಣ.

"ಅಕ್ಕಾ, ಪೊಟ್ಟಣ ಇಲ್ಲಿ ಕೊಡಿ," ಎಂದರು ಪೆಂಗ್.

ಅವಳು ಕೊಟ್ಟಳು. ನೆಲದಲ್ಲಿ ಗೀರಿ ಆರಿಸಿದ ಮೂರು ಕಡ್ಡಿಗಳಿದ್ದವು.

"ಯಾಕೆ ತಗೊಂಡ್ರಿ?"

"ಎಲುಬನ್ನ ಡಬ್ಬಿಗೆ ಹಾಕಿದ್ರು, ಅಂಗಿಯನ್ನ ಗಾಜಿಗೆ ಹಾಕಿದ್ರು. ಚಳಿ ಬಂತಲ್ಲ, ಬರಿಮೈಲಿ ಹೇಗಿರ್ತಾನೆ? ನನ್ನೋನಿಗೆ ಎಲ್ಲಿ ಕಳಿಸ್ಬೇಕು ಅನ್ನೋದೂ ನಂಗೊತ್ತಿಲ್ಲ. ಇವನ ಜಾಗ ಆದ್ರೂ ಗೊತ್ತಿತ್ತು."

"ಮತ್ತೆ ಸುಡಲಿಲ್ಲ?"

ಅವಳು ಅಂಗಿಯ ಬಲ ತೋಳು ಎತ್ತಿ ಕಂಕುಳ ತೋರಿಸಿದಳು. ಬೆರಳಗಲದ ತೇಪೆ, ಇರುವೆ ಸಾಲಿನಂಥ ಹೊಲಿಗೆ. "ಅಂಗಿ ಹೊಲಿದವನು ಅರಮನೆಯ ದರ್ಜಿ ಇರ್ಬೇಕು. ಇದು ಮನೆ ಹೆಂಗಸಿನ ಕೈ. ಕತ್ತಲಲ್ಲಿ ಹಾಕಿದ್ದಾಳೆ, ಹೊಲಿಗೆ ಒಂದು ಕಡೆ ಓಡಿದೆ. ನಕಲು ಮಾಡೋವಾಗ ಇದನ್ನ ಬಿಟ್ಟೆ. ಇನ್ನೊಬ್ಬಳ ಕೈಯನ್ನ ನಕಲು ಮಾಡ್ಬಾರ್ದು. ಇವತ್ತು ಸುಡೋಕೂ ಕೈ ಬರಲಿಲ್ಲ."

ಅಂಗಿಯ ವಶ ಪಂಚನಾಮೆ 5.05ಕ್ಕೆ ಮುಗಿಯಿತು. ಅಲ್ಲಿ ಕೂರಿಸಿದ್ದ ಲೂನನ್ನು ಮನೆಗೆ ಕಳಿಸಿ ಎಂದು ಪೆಂಗ್ ಠಾಣೆಗೆ ಫೋನು ಮಾಡಿದರು. ಬಂಧನದ ಕಾಗದಕ್ಕೆ ಮೋ ಗ್ವೇಲಾನ್ ಹೆಬ್ಬೆಟ್ಟೊತ್ತಿದಳು. ಉದ್ದೇಶದ ಸಾಲಿನಲ್ಲಿ ಪೆಂಗ್ "ಲಾಭಕ್ಕಾಗಿ ಅಲ್ಲ" ಎಂದಷ್ಟೇ ಬರೆದರು.

ಆಮೇಲೆ ಅವರು ಸುರ್ನಾಳನ್ನು ಕಳಿಸಿ ಜೀಪಿನಿಂದ ತಾಯಿಯ ಕಾಗದದ ಬಟ್ಟೆ ತರಿಸಿದರು. "ಅಮ್ಮನಿಗೆ ದಾರಿಯಲ್ಲಿ ಇನ್ನೊಂದು ಕೊಳ್ತೀನಿ, ತಡವಾದ್ರೂ ಅವಳು ಕಾಯ್ತಾಳೆ. ಐದು ನಿಮಿಷ ಅಕ್ಕಾ."

ಸುರ್ನಾ ಪೆನ್ನಿನಿಂದ ಕಾಗದದ ಅಂಗಿಯ ನಡುವಿಗೆ, ಆ ನಡುಪಟ್ಟಿಯ ಹಾಗೆ, ಒತ್ತೊತ್ತಾಗಿ ಗೆರೆ ಎಳೆದಳು. ಮೋ ಗ್ವೇಲಾನ್ ಅಂಚಿನಿಂದ ಒಂದು ಚೂರು ಹರಿದು, ಎಂಜಲು ಹಚ್ಚಿ, ಬಲ ಕಂಕುಳಿಗೆ ಅಂಟಿಸಿ ಒತ್ತಿ ಹಿಡಿದಳು.

"ಇದಿಲ್ದಿದ್ರೆ ತನ್ನದು ಅಂತ ಅವನಿಗೆ ಹೇಗೆ ಗೊತ್ತಾಗಬೇಕು?"

ಕಡ್ಡಿ ಗೀರಿದವರು ಪೆಂಗ್.